ಐವತ್ತೆರಡನೆಯ ಕಂತು

ತಂಗೆವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ವಿಸಿಆರ್ ನಡೆಸುವುದರಲ್ಲಿ ಇಚಲಕರಂಜಿಯ ಆ ಚಾಳಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹದಿನಾಲ್ಕು ಮನೆಗಳ ಆ ಚಾಳಿನಲ್ಲಿ ವಿಸಿಆರ್ ಇದ್ದದ್ದೇ ಅವರ ಮನೆಯಲ್ಲಿ ಎನ್ನುವುದು ಬೇರೆ ಮಾತು.

ಅದು ಬಂದದ್ದು ಅವಳ ಗಂಡ ರಾಮಲಿಂಗನ ಕೈಗುಣದಿಂದ. ಅವನು ಬಾಪೂಸಾಹೇಬರ ಪವರ್‌ಲೂಮ್ ಶೆಡ್ಡಿನಲ್ಲಿ ಫಿಟರ್. ಮೂವತ್ತಾರು ಮಗ್ಗಗಳಲ್ಲಿ ಯಾವುದು ನಿಂತರೂ ಅವನೇ ಓಡಬೇಕು. ಎಂಬತ್ತಾರರಲ್ಲಿ ಬಾಪೂಸಾಹೇಬರು ತಮ್ಮ ಮನೆಗೆ ಹೊಸ ವಿಸಿಆರ್ ತಂದಾಗ ಕೆಟ್ಟು ಕೂತಿದ್ದ ಹಳೆಯದನ್ನು ಅವನ ಮುಂದಿಟ್ಟು, "ರಿಪೇರಿ ಆದ್ರ ನಿಂದು, ಆಗದಿದ್ರ ಗುಜರಿಗೆ ಹಾಕು" ಎಂದಿದ್ದರು. ರಾಮಲಿಂಗ ಎಂಟು ದಿನ ಅದನ್ನು ಬಿಚ್ಚಿ ಹರಡಿಕೊಂಡು ಕೂತ. ಒಳಗೆಲ್ಲ ಹತ್ತಿಯ ಹಿಂಜು. ಆ ಊರಿನಲ್ಲಿ ಹತ್ತಿಯ ಹಿಂಜು ಹೊಗದ ಜಾಗವೇ ಇಲ್ಲ, ಊಟದ ತಾಟಿನಲ್ಲೂ ಸಿಗುತ್ತದೆ. ತೆಳು ಮಲ್ಲಿನ ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿ, ಸವೆದ ಬೆಲ್ಟೊಂದನ್ನು ಬದಲಿಸಿ, ಒಂಬತ್ತನೆಯ ದಿನ ಅವನು ಅದನ್ನು ನಡೆಸಿಯೇ ಬಿಟ್ಟ.

ಆ ಮಳೆಗಾಲದಲ್ಲಿ ಟಿ.ವಿ.ಯಲ್ಲಿ ಒಂದು ಹಿಂದಿ ಧಾರಾವಾಹಿ ಶುರುವಾಯಿತು. ಹಳೆಯ ವಾಡೆಯೊಂದರ ಮೂವರು ಅಣ್ಣತಮ್ಮಂದಿರು ಬೇರೆಯಾಗಿ ಮತ್ತೆ ಒಂದಾಗುವ ಕತೆ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಿತ್ತು. ಒಟ್ಟು ಐವತ್ತೆರಡು ಕಂತು ಎಂದು ಮೊದಲೇ ಸಾರಿದ್ದರು. ರಾಮಲಿಂಗನಿಗೆ ಅದರ ಹುಚ್ಚು ಹಿಡಿಯಿತು. ಅವನಿಗೂ ಇಬ್ಬರು ಅಣ್ಣಂದಿರಿದ್ದರು, ಅವರ ಮನೆಗೆ ಅವನು ಕಾಲಿಡದೆ ಹನ್ನೆರಡು ವರ್ಷವಾಗಿತ್ತು. ಹುಚ್ಚಿಗೆ ಅದೇ ಕಾರಣವೋ ಏನೋ, ತಂಗೆವ್ವ ಕೇಳಿದವಳಲ್ಲ. ಆದರೆ ಶೆಡ್ಡಿನ ವಾರದ ಸುಟ್ಟಿ ಶುಕ್ರವಾರ. ಭಾನುವಾರ ಬೆಳಿಗ್ಗೆ ಏಳಕ್ಕೆ ಅವನು ಪಾಳಿಯಲ್ಲಿರಬೇಕು. ಹಾಗಾಗಿ ಧಾರಾವಾಹಿಯನ್ನು ಕ್ಯಾಸೆಟ್ಟಿಗೆ ಇಳಿಸುವ ಕೆಲಸ ಹೆಂಡತಿಯ ಪಾಲಿಗೆ ಬಂತು.

"ಒಂದೂ ಬಿಡಬಾರದು ನೋಡು," ಎಂದ. "ಐವತ್ತೆರಡೂ ನನ್ನ ಟ್ರೇಜರಿ ಕಪಾಟಿನೊಳಗ ಇರಬೇಕು. ಇಡೀ ಕೊಲ್ಲಾಪುರ ಜಿಲ್ಲಾದಾಗ ಯಾರ ಹಂತ್ಯಾಕೂ ಇರಬಾರದು, ನನ್ನ ಹಂತ್ಯಾಕ ಇರಬೇಕು."

ಯಾವ ಗುಂಡಿ ಒತ್ತಬೇಕೆಂದು ಕುಂಕುಮದ ಚುಕ್ಕೆ ಇಟ್ಟು ತೋರಿಸಿದ. ಮೊದಲ ವಾರ ಎಲ್ಲ ಸರಿಯಾಗಿ ಇಳಿಯಿತು. ಆದರೆ ನಡುವೆ ಸಾಬೂನು, ಚಹಾಪುಡಿ, ಸೈಕಲ್ಲಿನ ಜಾಹೀರಾತುಗಳೂ ಇಳಿದಿದ್ದವು. ಶುಕ್ರವಾರ ಅದನ್ನು ನೋಡಿದ ರಾಮಲಿಂಗ ತಾಟು ದೂಡಿ ಎದ್ದುಹೋದ. ಎರಡು ದಿನ ಮಾತಿಲ್ಲ.

ಅಂದಿನಿಂದ ತಂಗೆವ್ವ ಟಿ.ವಿ.ಯ ಮುಂದೆ ನೆಲದ ಮೇಲೆ ಕೂತು, ಯಂತ್ರದ ಮೇಲೆ ಬೆರಳಿಟ್ಟುಕೊಂಡೇ ನೋಡತೊಡಗಿದಳು. ಜಾಹೀರಾತು ಬರುವ ಮುಂಚೆ ಸಣ್ಣದೊಂದು ಶಹನಾಯಿಯ ತುಣುಕು ಬರುತ್ತಿತ್ತು. ಅದು ಕೇಳಿದ ಕೂಡಲೇ ತಡೆಯುವ ಗುಂಡಿ. ಮತ್ತೆ ವಾಡೆಯ ಬಾಗಿಲು ಕಂಡ ಕೂಡಲೇ ಬಿಡುವುದು. ಅರ್ಧ ಗಂಟೆ ಏಳುವಂತಿಲ್ಲ. ನೋಡಲು ಬಂದ ನೆರೆಹೊರೆಯ ಹೆಂಗಸರು ಒಳಗೆ ಹಾಲು ಉಕ್ಕುತ್ತಿದೆ ಎಂದು ಕೂಗಿದರೂ ಅವಳು ಬೆರಳು ತೆಗೆಯುತ್ತಿರಲಿಲ್ಲ. ಹಿಂದಿ ಅರ್ಧಂಬರ್ಧ ತಿಳಿಯುತ್ತಿತ್ತು. ಆದರೂ ಆ ಮನೆಯ ಸೊಸೆಯರು, ಅತ್ತೆ, ಹಿತ್ತಿಲ ಬಾವಿ ಎಲ್ಲ ಅವಳಿಗೆ ತನ್ನವೇ ಆದವು. ಒಬ್ಬಳೇ ಮಗಳನ್ನು ದತ್ತವಾಡಕ್ಕೆ ಕೊಟ್ಟ ಮೇಲೆ ಬಿಕೋ ಎನ್ನುತ್ತಿದ್ದ ಮನೆಗೆ ಭಾನುವಾರ ಎಂದರೆ ಜನ ಬಂದಂತಾಗುತ್ತಿತ್ತು.

ರಾಮಲಿಂಗ ಶುಕ್ರವಾರ ತಲೆ ತೊಳೆದುಕೊಂಡು, ಮೈಮೇಲೆ ಒಂದು ಎಳೆ ಹಿಂಜೂ ಇಲ್ಲವೆಂದು ನೋಡಿಕೊಂಡು ಕ್ಯಾಸೆಟ್ ಹಾಕುತ್ತಿದ್ದ. ಪ್ರತಿ ಕ್ಯಾಸೆಟ್ಟಿಗೂ ಪಾಪ್ಲೀನಿನ ಚೀಲ ಹೊಲಿಸಿದ್ದ. ಮೇಲೆ ಚೀಟಿ ಅಂಟಿಸಿ, ಯಾವ ಕಂತಿನಿಂದ ಯಾವ ಕಂತು ಎಂದು ದುಂಡಗೆ ಬರೆಯುತ್ತಿದ್ದ. ಇಪ್ಪತ್ತನೆಯ ಕಂತೋ ಇಪ್ಪತ್ತೊಂದನೆಯದೋ ನೋಡುವಾಗ ಒಮ್ಮೆ ಅವನು, "ಜೋಡ ಎಲ್ಲೈತಿ ಗೊತ್ತ ಆಗೂದಿಲ್ಲ ನೋಡು. ಹರದ ನೂಲಿಗೆ ಗಂಟ ಹಾಕಿದ್ರ ಹಿಂಗ ಹಾಕಬೇಕು," ಎಂದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಅವಳ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಆ ದಿನವೆಲ್ಲ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೀಗೆ ಒಂದು ವರ್ಷ. ಆರು ಕ್ಯಾಸೆಟ್ ತುಂಬಿ ಏಳನೆಯದು ನಡೆದಿತ್ತು. ಉಳಿದದ್ದು ಒಂದೇ ಕಂತು.

ಆ ಹೊತ್ತಿಗೆ ತಂಗೆವ್ವನ ತಾಯಿ ಹಣಮವ್ವನಿಗೆ ದಮ್ಮು ಹೆಚ್ಚಾಗಿತ್ತು. ತವರು ಚಂದಗಡ ತಾಲೂಕಿನ ಹಲಕರ್ಣಿ. ಅಣ್ಣ ಮಲ್ಲಾರಿ ಒಂದಿಷ್ಟು ಕುರಿ, ಒಂದು ತುಂಡು ಕಬ್ಬಿನ ಹೊಲ ಇಟ್ಟುಕೊಂಡು ತಾಯಿಯನ್ನು ನೋಡಿಕೊಳ್ಳುತ್ತಿದ್ದ. ಹದಿನೈದು ದಿನದ ಕೆಳಗೆ ತಂಗೆವ್ವ ಹೋಗಿ ಬಂದಾಗ ಮುದುಕಿ ಎದ್ದು ಕೂತು ರೊಟ್ಟಿ ತಿಂದಿದ್ದಳು. "ಮತ್ತ ಯಾವಾಗ ಬರ್ತಿ?" ಎಂದು ಕೇಳಿದ್ದಕ್ಕೆ, "ಮುಂದಿನ ತಿಂಗಳ ಬರ್ತೇನಬೇ" ಎಂದು ಹೇಳಿ ಬಂದಿದ್ದಳು.

ಆ ಭಾನುವಾರ ಬೆಳಗಿನಿಂದ ಮಳೆ ಹಿಡಿದಿತ್ತು. ಕರೆಂಟು ಹೋದೀತೆಂಬ ಹೆದರಿಕೆಯಲ್ಲಿ ತಂಗೆವ್ವ ಎಂಟಕ್ಕೇ ಅಡುಗೆ ಮುಗಿಸಿ, ದೇವರಿಗೆ ದೀಪ ಹಚ್ಚಿ, ಕ್ಯಾಸೆಟ್ ಹಾಕಿ ಕೂತಳು. ಕರೆಂಟು ಹೋಗಲಿಲ್ಲ. ಮೂವರು ಅಣ್ಣತಮ್ಮಂದಿರೂ ವಾಡೆಗೆ ಮರಳಿ ಬಂದರು. ಒಂದೇ ಪಂಕ್ತಿಯಲ್ಲಿ ಉಂಡರು. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಸರುಗಳೆಲ್ಲ ಮೇಲೆ ಹೋಗಿ ಪರದೆ ಖಾಲಿಯಾಗುವವರೆಗೂ ತಂಗೆವ್ವ ಬೆರಳು ತೆಗೆಯಲಿಲ್ಲ.

ಹತ್ತೂವರೆಗೆ ರಾಮಲಿಂಗ ಸೈಕಲ್ಲಿನಲ್ಲಿ ತೊಯ್ದುಕೊಂಡು ಬಂದ. ಪಾಳಿಯ ನಡುವೆ ಅವನು ಬರುವವನಲ್ಲ.

"ಇಳೀತ?" ಎಂದ.

"ಹೂಂ, ಪೂರಾ ಇಳದೈತ್ರಿ."

ಕೈ ಒರೆಸಿಕೊಂಡು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮೊದಲು ನೋಡಿದ, ನಡುವೆ ನೋಡಿದ, ಕಡೆಗೆ ನೋಡಿದ. ಅವಳು ಕೊಟ್ಟ ಚಹಾ ಕುಡಿದ. ಲೋಟ ಕೆಳಗಿಟ್ಟು, "ನಿಮ್ಮವ್ವಗ ಭಾಳ ತ್ರಾಸ ಆಗೈತಂತ. ಗಡಹಿಂಗ್ಲಜ ದವಾಖಾನಿಗೆ ತಂದಾರಂತ. ನಿಮ್ಮಣ್ಣ ಶೆಡ್ಡಿಗೆ ಫೋನ್ ಮಾಡಿದ್ದ. ನೀ ಹೊಂಡು, ನಾ ಪಾಳಿ ಮುಗಿಸಿ ಸಂಜೀಕ ಬರ್ತೇನಿ," ಎಂದ.

ತಂಗೆವ್ವ ಉಟ್ಟ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದಳು. ಗಡಹಿಂಗ್ಲಜದ ನೇರ ಗಾಡಿ ಮುಂಜಾನೆ ಎಂಟೂ ಮುಕ್ಕಾಲಿಗೆ ಹೋಗಿತ್ತು. ಇನ್ನೊಂದು ಒಂದು ಗಂಟೆಗೆ. ಅವಳು ಕಾಯದೆ ಕಾಗಲ್ಲಿಗೆ ಒಂದು, ನಿಪ್ಪಾಣಿಗೆ ಒಂದು, ಅಲ್ಲಿಂದ ಮತ್ತೊಂದು ಎಂದು ಮೂರು ಗಾಡಿ ಹತ್ತಿ ಇಳಿದು ಗಡಹಿಂಗ್ಲಜ ಮುಟ್ಟಿದಾಗ ಮೂರು ಹೊಡೆದಿತ್ತು. ಹಣಮವ್ವ ಹನ್ನೆರಡೂವರೆಗೆ ಹೋಗಿಬಿಟ್ಟಿದ್ದಳು. ದವಾಖಾನೆಯ ಪಡಸಾಲೆಯಲ್ಲಿ ಮುಖ ಮಾತ್ರ ತೆರೆದು ಮಲಗಿಸಿದ್ದರು. ಹೊರಗೆ ಊರಿಗೆ ಒಯ್ಯಲು ಟೆಂಪೋ ನಿಂತಿತ್ತು.

"ಮೂರ ಸಲ ಕೇಳಿದ್ಲು, ತಂಗೆವ್ವ ಬಂದ್ಲೇನು ಅಂತ," ಎಂದಳು ಅತ್ತಿಗೆ ಸಾವಿತ್ರವ್ವ. ಅಷ್ಟು ಹೇಳಿ ಅತ್ತ ಮುಖ ತಿರುಗಿಸಿದಳು. ಮಲ್ಲಾರಿ ಅವಳತ್ತ ನೋಡದೆ ಟೆಂಪೋದ ಕಡೆ ನಡೆದ.

ಸಂಜೆ ಹಲಕರ್ಣಿಯಲ್ಲಿ ಮಣ್ಣು ಮುಗಿಯಿತು. ಸಾವಿನ ಸುದ್ದಿಯ ಫೋನು ಬಂದ ಕೂಡಲೇ ಪಾಳಿ ಬಿಟ್ಟು ಹೊರಟಿದ್ದ ರಾಮಲಿಂಗ ಅಷ್ಟರೊಳಗೆ ಬಂದು ಸೇರಿ, ಗಂಡಸರ ನಡುವೆ ನಿಂತು ಮಾಡಬೇಕಾದ್ದೆಲ್ಲ ಮಾಡಿದ. ದಿನಕರ್ಮ ಮುಗಿಯುವವರೆಗೂ ತಂಗೆವ್ವ ತವರಿನಲ್ಲೇ ಇದ್ದಳು. ಯಾರೂ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ತಾಟು ಮುಂದಿಡುತ್ತಿದ್ದರು, ಉಣ್ಣು ಎನ್ನುತ್ತಿರಲಿಲ್ಲ. ದುಃಖ ಹೆಚ್ಚಾಗಿದೆ ಎಂದುಕೊಂಡಳು. ಫೋನು ಹತ್ತು ಗಂಟೆಗೆ ಬಂದಿರಬೇಕು, ತನ್ನ ಹಣೆಬರಹದಲ್ಲಿ ಇಷ್ಟೇ ಇತ್ತು ಎಂದುಕೊಂಡು ಇಚಲಕರಂಜಿಗೆ ಮರಳಿದಳು.

ದೀಪಾವಳಿ ಕಳೆದ ಮೇಲೆ ಕೊಲ್ಲಾಪುರದಿಂದ ತಾತ್ಯಾಸಾಹೇಬ ಎಂಬುವವರು ಮನೆಗೆ ಬಂದರು. ಕೊಲ್ಲಾಪುರದಲ್ಲಿ ಅವರದೊಂದು ವಿಡಿಯೋ ಲೈಬ್ರರಿ. ಪೂರ್ತಿ ಧಾರಾವಾಹಿ ಇಚಲಕರಂಜಿಯ ಫಿಟರನೊಬ್ಬನ ಬಳಿ ಇದೆ ಎಂದು ಯಾರೋ ಹೇಳಿದ್ದರು. ಕರೆದುಕೊಂಡು ಬಂದವನು ಶೆಡ್ಡಿನ ದಿವಾಣಜಿ ಬಾಳಗೊಂಡ. ಆಫೀಸಿನ ಲೆಕ್ಕಪತ್ರ, ಫೋನು ಎಲ್ಲ ಅವನ ಕೈಯಲ್ಲೇ.

ರಾಮಲಿಂಗ ಹೊಸ ಅಂಗಿ ತೊಟ್ಟು ಟ್ರೇಜರಿ ತೆಗೆದ. ಏಳು ಚೀಲಗಳನ್ನೂ ಸಾಲಾಗಿ ಹಾಸಿಗೆಯ ಮೇಲೆ ಇಟ್ಟ. ತಾತ್ಯಾಸಾಹೇಬರು ಒಂದನ್ನು ಹಾಕಿಸಿ ನೋಡಿ, "ಛಾನ್, ಅಗದೀ ಛಾನ್" ಎಂದು ತಲೆದೂಗಿದರು. ಜಾಹೀರಾತುಗಳನ್ನು ಇಷ್ಟು ಚೊಕ್ಕ ತೆಗೆದವರು ಯಾರು ಎಂದು ಮರಾಠಿಯಲ್ಲಿ ಕೇಳಿದರು.

"ಮೀಚ್," ಎಂದ ರಾಮಲಿಂಗ. ನಾನೇ.

ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ತಂಗೆವ್ವನಿಗೆ ಅದು ಕೇಳಿಸಿತು. ನಗು ಬಂತು, ಸಿಟ್ಟು ಬರಲಿಲ್ಲ. ಗಂಡಸರು ಹೊರಗಿನವರ ಮುಂದೆ ಹೀಗೆ ಹೇಳಿಕೊಳ್ಳುವುದು ಅವಳಿಗೆ ಹೊಸದಲ್ಲ.

ಕಪ್ಪುಗಳನ್ನು ಒಯ್ಯಲು ಬಾಳಗೊಂಡ ಬಾಗಿಲಿಗೆ ಬಂದ. ಒಳ್ಳೆಯ ಮನುಷ್ಯ. ತಾಯಿ ಸತ್ತ ಮೇಲೆ ಅವಳನ್ನು ಕಂಡದ್ದು ಅಂದೇ. ಹಾಗಾಗಿ ಒಂದು ಮಾತು ಆಡಬೇಕೆನಿಸಿತು ಅವನಿಗೆ.

"ವೈನಿ, ಆವತ್ತ ನಿಮಗ ತಾಯಿ ಮಾರಿ ನೋಡಾಕ ಸಿಕ್ತಿಲ್ಲೋ?"

"ಇಲ್ರಿ. ನಾ ಹೋಗೂದ್ರಾಗ ಮುಗದಿತ್ರಿ."

"ಅರೆ," ಎಂದ ಬಾಳಗೊಂಡ. "ನಿಮ್ಮಣ್ಣನ ಫೋನ್ ಏಳೂವರಿಗೇ ಬಂದಿತ್ತಲ್ರಿ. ಎಂಟೂ ಮುಕ್ಕಾಲರ ಗಾಡಿಗೆ ಕಳಸ್ರಿ ಅಂತ ಎರಡೆರಡ ಸಲ ಹೇಳಿದ್ರು. ನಾ ಚೀಟಿ ಬರದು ಆಗಿಂದಾಗ ರಾಮಲಿಂಗನ ಕೈಯಾಗ ಕೊಟ್ಟೇನಿ. ಆ ಗಾಡಿ ತಪ್ತೇನ್ರಿ?"

ತಂಗೆವ್ವ ಚಹಾದ ಪಾತ್ರೆಯನ್ನು ಕೆಳಗಿಟ್ಟಳು. ಶೆಡ್ಡಿನಿಂದ ಮನೆಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ.

"ತಪ್ತ್ರಿ," ಎಂದಳು.

ಬಂದವರು ಹೋದ ಮೇಲೆ ರಾಮಲಿಂಗ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಚೀಲಕ್ಕೆ ಸೇರಿಸುತ್ತ ಕೂತಿದ್ದ. ತಾತ್ಯಾಸಾಹೇಬರು ನಕಲು ಮಾಡಿಕೊಳ್ಳಲು ಕೇಳಿದ್ದರು, ಪೆಟ್ಟಿಗೆಯ ಮೇಲೆ ಅವನ ಹೆಸರು ಹಾಕಿಸುತ್ತೇನೆ ಎಂದಿದ್ದರು. ಅವನ ಮುಖದಲ್ಲಿ ಬೆಳಕಿತ್ತು. ತಂಗೆವ್ವ ಬಾಗಿಲ ಬಳಿ ನಿಂತು ಕೇಳಿದಳು.

"ಅವ್ವನ ಫೋನ್ ಎಷ್ಟಕ್ಕ ಬಂದಿತ್ರಿ?"

ಅವನು ತಲೆ ಎತ್ತಲಿಲ್ಲ. "ಈಗ್ಯಾಕ ಅದು?"

"ಏಳೂವರಿಗೆ ಬಂದಿತ್ತಂತ."

"ಬಾಳಗೊಂಡ ಹೇಳಿದ್ನೇನು," ಎಂದ. ಇನ್ನೊಂದು ಕ್ಯಾಸೆಟ್ಟನ್ನು ಚೀಲಕ್ಕೆ ಸೇರಿಸಿದ. "ಹೌದು, ಬಂದಿತ್ತು. ಏನೀಗ? ಅಕಿಗೆ ತ್ರಾಸ ಅನ್ನೂದು ಅದ ಮೊದಲನೇ ಸಲ ಏನಲ್ಲ. ನಾಕ ಸಲ ದವಾಖಾನಿಗೆ ಒಯ್ದಾರ, ನಾಕ ಸಲಾನೂ ಎದ್ದ ಬಂದಾಳ. ಆವತ್ತ ಹಿಂಗ ಆಗ್ತೈತಿ ಅಂತ ನನಗೇನ ಕನಸ ಬಿದ್ದಿತ್ತ?"

"ನನಗ ಹೇಳಬೇಕಿತ್ರಿ."

"ಹೇಳಿದ್ರ ನೀ ಹೋಗ್ತಿದ್ದಿ."

"ಹೋಗ್ತಿದ್ದೆ."

"ಐವತ್ತೊಂದು ಇಳಿಸಿ ಕಡೀದು ಬಿಟ್ರ ಆ ಐವತ್ತೊಂದಕ್ಕ ಏನ ಕಿಮ್ಮತ್ತೈತಿ?" ಎಂದ ರಾಮಲಿಂಗ. ಅವನು ಕಿರುಚಲಿಲ್ಲ. ಮಗ್ಗದ ಯಾವ ಭಾಗ ಯಾಕೆ ಬೇಕು ಎಂದು ಹೊಸಬರಿಗೆ ತಿಳಿಸಿ ಹೇಳುವ ದನಿಯಲ್ಲೇ ಹೇಳಿದ. "ಒಂದೆರಡ ತಾಸಿನ ಮಾತಂತ ತಿಳದೆ. ಟಿ.ವಿ.ದಾಗ ಅದು ಮತ್ತ ಬರೂದಿಲ್ಲ ತಂಗೆವ್ವ. ಒಮ್ಮೆ ಹೋತಂದ್ರ ಹೋತು."

ತಂಗೆವ್ವ ಅವನನ್ನೇ ನೋಡುತ್ತ ನಿಂತಳು. ತನ್ನ ಬಾಯಿಂದ ಏನು ಬಂತು ಎಂಬುದು ಅವನಿಗೇ ತಿಳಿದಿರಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ. ಆ ದಿನ ಅವನು ಕ್ಯಾಸೆಟ್ ಮೂರು ಕಡೆ ತಿರುಗಿಸಿ ನೋಡಿದ್ದು, ಚಹಾ ಕುಡಿದು ಲೋಟ ಇಟ್ಟದ್ದು, ಆಮೇಲೆ ಬಾಯಿ ತೆರೆದದ್ದು ಅವಳಿಗೆ ಒಂದೊಂದಾಗಿ ನೆನಪಾಯಿತು. ಚಹಾ ಮಾಡಿಕೊಟ್ಟವಳೂ ತಾನೇ.

"ಅಣ್ಣಗ ನೀವ ಹೇಳ್ರಿ," ಎಂದಳು. "ನಾ ಬೇಕಂತ ತಡಾ ಮಾಡಿಲ್ಲ ಅಂತ. ಅಷ್ಟ ಹೇಳ್ರಿ, ಸಾಕು."

"ಹೇಳೋಣಂತ," ಎಂದು ಅವನು ಟ್ರೇಜರಿ ಮುಚ್ಚಿದ.

ಅವನು ಹೇಳಲಿಲ್ಲ. ಒಂದು ತಿಂಗಳು ಕಾದು ತಂಗೆವ್ವ ತಾನೇ ಎಂಟೂ ಮುಕ್ಕಾಲರ ಗಾಡಿ ಹತ್ತಿದಳು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅದು ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ನಿಂತಿತು. ಅಲ್ಲಿಂದ ದವಾಖಾನೆ ಕಾಲ್ನಡಿಗೆಯಲ್ಲಿ ಐದು ನಿಮಿಷ. ಅವಳು ಅತ್ತ ಹೋಗದೆ ಹಲಕರ್ಣಿಯ ಗಾಡಿ ಹಿಡಿದಳು.

ಮಲ್ಲಾರಿ ಹಟ್ಟಿಯ ಮುಂದೆ ಕುರಿಗಳ ಗೊರಸು ನೋಡುತ್ತ ಕೂತಿದ್ದ. ತಂಗೆವ್ವ ಎದುರು ಕೂತು ಎಲ್ಲವನ್ನೂ ಹೇಳಿದಳು. ಏಳೂವರೆಯ ಫೋನು, ಬಾಳಗೊಂಡನ ಚೀಟಿ, ಹತ್ತೂವರೆ, ಚಹಾ. ಅವನು ನಡುವೆ ಬಾಯಿ ಹಾಕಲಿಲ್ಲ. ಹಿಡಿದಿದ್ದ ಕುರಿಯನ್ನು ಬಿಟ್ಟು ಕೈ ಒರೆಸಿಕೊಂಡ.

"ನಿನ್ನ ಗಂಡ ಹಂಗ ಹೇಳಿಲ್ಲ," ಎಂದ.

"ಏನ ಹೇಳ್ಯಾರ?"

"ಮಣ್ಣಿನ ದಿನ ಎಲ್ಲಾರೂ ಕೇಳಿದ್ರು, ಯಾಕ ತಡಾ ಆತು ಅಂತ. 'ನಾ ಎಂಟಕ್ಕ ಹೇಳೇನಿ ಮಾವಾ, ಅಕಿ ಟಿ.ವಿ. ಮುಗಿಯೂತನಾ ಏಳಲಿಲ್ಲ, ಏನ ಮಾಡ್ಲಿ' ಅಂದ ನಿನ್ನ ಗಂಡ. ನಮ್ಮ ಮಂದಿ ಎದುರಿಗೆ ಅಂದ. ಕಾಕಾ ಇದ್ದ, ಗೌಡ್ರಿದ್ರು."

ತಂಗೆವ್ವನಿಗೆ ಆಗ ತಿಳಿಯಿತು, ತಾಟು ಮುಂದಿಟ್ಟು ಉಣ್ಣು ಎನ್ನದೆ ಇದ್ದದ್ದು ಯಾಕೆ ಎಂದು.

"ಅಣ್ಣಾ, ನಾ ಅಂಥಾಕಿ ಅಂತ ನಿನಗ ಅನಿಸ್ತೇನು?"

ಮಲ್ಲಾರಿ ಇನ್ನೊಂದು ಕುರಿಯ ಕಾಲು ಹಿಡಿದು ಗೊರಸು ನೋಡಿದ. ಒಳಗಿನಿಂದ ಸಾವಿತ್ರವ್ವ ಬಾಗಿಲಿಗೆ ಬಂದು ನಿಂತಿದ್ದಳು.

"ನೀ ಹೇಳೂದು ಖರೇ ಇದ್ದೀತು," ಎಂದ ಕೊನೆಗೆ. "ಆದ್ರ ಖರೇ ಅಂತ ತಿಳಕೊಂಡ ನಾ ಏನ ಮಾಡ್ಲಿ? ನಿನ್ನ ಗಂಡನ ಕೊರಳಪಟ್ಟಿ ಹಿಡೀಲಿ? ನಮ್ಮ ದುರ್ಗಿ ಗಂಡನ್ನ ಅವ್ನೇ ಶೆಡ್ಡಿನ ಕೆಲಸಕ್ಕ ಹಚ್ಯಾನ. ನಾಳೆ ಅವ್ನೇ ತಗೀತಾನ. ನನ್ನ ಮಗಳ ಸಂಸಾರ ಅವನ ಕೈಯಾಗೈತಿ. ಅವ್ವಂತೂ ಹೋದ್ಲು. ಈ ಮಾತ ಇಲ್ಲೇ ಬಿಡು."

"ಮಂದಿ ನನ್ನ ಅಂತಾರ ಅಣ್ಣಾ."

"ಅಂದಕೋತ ಹೊಂಟಾರು. ನಾಕ ದಿನಾ ಅಂತಾರ, ಬಿಡ್ತಾರ."

ಸಾವಿತ್ರವ್ವ ಬಾಗಿಲಿನಿಂದಲೇ, "ಯಾರ ಹೇಳಿದ್ರೇನು, ಹೇಳದಿದ್ರೇನು. ಆ ಹೊತ್ನ್ಯಾಗ ನೀ ಅದರ ಮುಂದ ಕುಂತಿದ್ದಿ, ಅದಂತೂ ಖರೇ ಅಲ್ಲೇನು," ಎಂದಳು.

ಕೂತಿದ್ದು ನಿಜ. ಕತೆ ನೋಡಿ ಅತ್ತದ್ದೂ ನಿಜ. ತಂಗೆವ್ವ ಅವರು ಕೊಟ್ಟ ನೀರು ಕುಡಿದು ಅದೇ ಸಂಜೆಯ ಗಾಡಿಗೆ ಮರಳಿದಳು.

ಮುಂದಿನ ತಿಂಗಳು ಭಾನುವಾರಕ್ಕೆ ಹೊಸ ಧಾರಾವಾಹಿಯೊಂದು ಬಂತು. ರಾಮಲಿಂಗ ಹೊಸ ಕ್ಯಾಸೆಟ್ ತಂದು ಅವಳ ಮುಂದಿಟ್ಟ. ಅವಳು ಅದನ್ನು ಮುಟ್ಟಲಿಲ್ಲ.

"ನಾ ಕಾಂಡಿ ಸುತ್ತಾಕ ಹೊಂಟೇನ್ರಿ," ಎಂದಳು. "ಭಾನುವಾರಾನೂ ಕೆಲಸೈತಿ."

ಓಣಿಯ ಕೊನೆಯಲ್ಲಿ ಮಗ್ಗದ ಲಾಳಿಗೆ ನೂಲಿನ ಕಾಂಡಿ ಸುತ್ತುವ ಚಿಕ್ಕ ಕಾರ್ಖಾನೆಯೊಂದಿತ್ತು. ಹೆಂಗಸರೇ ದುಡಿಯುವ ಜಾಗ. ರಾಮಲಿಂಗ ಮೊದಲು ಗದರಿಸಿದ, ಆಮೇಲೆ ಬೇಡಿಕೊಂಡ, ಕೊನೆಗೆ ಗಡಿಯಾರ ಹೊಂದಿಸಿ ಯಂತ್ರ ತಾನಾಗಿ ಇಳಿಸಿಕೊಳ್ಳುವಂತೆ ಮಾಡಿಟ್ಟು ಹೋಗತೊಡಗಿದ. ಜಾಹೀರಾತುಗಳೆಲ್ಲ ಇಳಿಯುತ್ತಿದ್ದವು. ಶುಕ್ರವಾರ ಅವನ್ನು ನೋಡುವಾಗ ಅವನು ತುಟಿ ಕಚ್ಚಿಕೊಳ್ಳುತ್ತಿದ್ದ, ತಾಟು ಮಾತ್ರ ದೂಡುತ್ತಿರಲಿಲ್ಲ. ಅವಳು ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅಷ್ಟೇ.

ತಾತ್ಯಾಸಾಹೇಬರು ಮಾತಿಗೆ ತಪ್ಪಲಿಲ್ಲ. ಏಳೂ ಕ್ಯಾಸೆಟ್ಟುಗಳ ನಕಲುಗಳು ಕೊಲ್ಲಾಪುರದ ಲೈಬ್ರರಿಯಲ್ಲಿ ಕೂತವು, ಪೆಟ್ಟಿಗೆಯ ಮೇಲೆ ರಾಮಲಿಂಗನ ಹೆಸರು. ಬಾಪೂಸಾಹೇಬರೇ ಕರೆದು ಬೆನ್ನು ತಟ್ಟಿದರು. ಅಲ್ಲಿಂದ ಅವು ಊರೂರಿಗೆ ಬಾಡಿಗೆಗೆ ಹೋದವು. ಮರು ವರ್ಷದ ಗಣಪತಿ ಹಬ್ಬಕ್ಕೆ ಹಲಕರ್ಣಿಯ ತರುಣ ಮಂಡಳದವರೂ ತಂದರು.

ಹಬ್ಬ ಮುಗಿಸಿ ತವರಿನಿಂದ ಬಂದ ದುರ್ಗವ್ವ, ಮಲ್ಲಾರಿಯ ಮಗಳು, ಸೋದರತ್ತೆ ತಂಗೆವ್ವನನ್ನು ನೋಡಲು ಕಾಂಡಿ ಕಾರ್ಖಾನೆಯ ಬಾಗಿಲಿಗೇ ಬಂದಳು. ಹುಡುಗಿಗೆ ಒಳಗಿನದೇನೂ ತಿಳಿಯದು. ಅವಳ ಸಡಗರ ಅವಳಿಗೆ.

"ಅತ್ತಿ, ಪೂರಾ ನೋಡಿದ್ವಿ ನಾವು. ನಾಕ ದಿನಾ ರಾತ್ರಿ, ಸಾಲಿ ಮುಂದ ಟಿ.ವಿ. ಇಟ್ಟು ಹಾಕಿದ್ರು. ಎಷ್ಟ ಚೊಕ್ಕ ಐತಿ, ನಡುವ ಒಂದೂ ಜಾಹೀರಾತ ಇಲ್ಲ. ಮಾವಂದು ಭಾಳ ಹೆಸರಾತು ಊರಾಗ." ಒಂದು ಗಳಿಗೆ ತಡೆದಳು. "ಕಡೀದು ಬಂದಾಗ ಮಾತ್ರ ಹೆಂಗಸ್ರೆಲ್ಲಾ ಗುಸುಗುಸು ಮಾಡಾಕತ್ತಿದ್ರು. 'ಇದೇ ನೋಡ್ರಿ ಅದು, ಇದರ ಸಲುವಾಗೇ ಅಕಿ ಏಳಲಿಲ್ಲ' ಅಂತ. ಏನಂತ ನನಗೇನ ಗೊತ್ತಾಗ್ಲಿಲ್ಲ."

ಒಳಗೆ ಯಂತ್ರಗಳು ತಿರುಗುತ್ತಿದ್ದವು. ತಂಗೆವ್ವ ಸೆರಗಿಗೆ ಅಂಟಿದ ನೂಲಿನ ಎಳೆಗಳನ್ನು ಬಿಡಿಸುತ್ತ ನಿಂತಳು.

"ನಿಮ್ಮಪ್ಪ ಇದ್ನೇನು ಅಲ್ಲಿ?"

"ಹೂಂ. ಮುಂದ ಕುಂತಿದ್ದ."

"ಅವ್ರು ಹಂಗ ಅಂದಾಗ ಏನರ ಅಂದ್ನೇನು?"

ದುರ್ಗವ್ವ ನೆನಪಿಸಿಕೊಂಡಳು. "ಇಲ್ಲತ್ತಿ. ಸುಮ್ನ ನೋಡ್ಕೋತ ಕುಂತಿದ್ದ. ಮುಗಿಯೂತನಾ ಎದ್ದಿಲ್ಲ."

ತಂಗೆವ್ವ ಹೂಂ ಎಂದಳು. ಊಟ ಆಯಿತೇ ಎಂದು ಕೇಳಿ, ಆಗಿಲ್ಲವೆಂದಾಗ ತನ್ನ ಡಬ್ಬಿಯನ್ನು ತೆಗೆದು ಅವಳ ಕೈಗೆ ಕೊಟ್ಟು ಒಳಗೆ ಹೋದಳು.